ಹೆಪ್ಪು

ಸೊನ್ನೆಗಿಂತ ಮೂವತ್ತೊಂದು ಕೆಳಗಿಳಿದ ರಾತ್ರಿಯೂ
ಈಲೀ ಊರಿನ ಕೊಳಚೆಯೆಲ್ಲ ನಮ್ಮ ಬಾಗಿಲಿಗೇ ಬರುತ್ತದೆ:
ಬಚ್ಚಲ ನೊರೆ, ಶಾಲೆಯ ಅಡುಗೆಮನೆಯ ಜಿಡ್ಡು,
ಆಸ್ಪತ್ರೆಯ ಮೂರನೆಯ ಮಹಡಿಯ ಮೂತ್ರ.
ಮಿನ್ನೆಸೋಟದ ಈ ಮೂಲೆಯಲ್ಲಿ ಜನವರಿಯಲ್ಲೂ
ಹರಿಯುವ ನದಿ ಇದೊಂದೇ.

ತೊಟ್ಟಿಯಲ್ಲಿ ಹುಳುಗಳು ಸತ್ತು ಎರಡು ದಿನ.
ಹುಳುಗಳು ಅನ್ನುವುದು ವೆರ್ನಾಳ ಮಾತು,
ಕಣ್ಣಿಗೆ ಕಾಣದೆ ನಮ್ಮ ಹೇಲು ತಿಂದು
ನೀರು ಮಾಡಿಕೊಡುವ ಮಂದಿ.
ಚಳಿಯೇ ಕೊಂದಿತೋ, ಯಾವನೋ ಗ್ಯಾರೇಜಿನವ
ಡಬ್ಬಿಗಟ್ಟಲೆ ಏನನ್ನೋ ಬಗ್ಗಿಸಿದನೋ,
ಮೋರಿ ಹೇಳುವುದಿಲ್ಲ.
ಗಾಳಿ ಊದುತ್ತಲೇ ಇದ್ದೆವು. ಹೆಣಕ್ಕೆ ಬೀಸಣಿಗೆ.
ಮೊದಲು ಅಗೆದ ಮಣ್ಣಿನ ವಾಸನೆ ಇತ್ತಲ್ಲ,
ಅದು ಹೋಗಿ ಬರೀ ನಾತ ಉಳಿಯಿತು.
ಅಮೋನಿಯಾದ ಅಂಕಿ ಏರಿತು.
ಆಚೆಗೆ ಮಂಜುಗಡ್ಡೆಯಡಿ ಕೆರೆ, ಕೆರೆಯಲ್ಲಿ ಮೀನು.

ಸೂಕ್ಷ್ಮದರ್ಶಕದಲ್ಲಿ ಮೊನ್ನೆಯವರೆಗೆ
ತೊಟ್ಟಿನ ತುದಿಗೆ ಗಂಟೆಹೂಗಳು,
ಅದುರಿದರೆ ಸಾಕು ಸುರುಳಿ ಸುತ್ತುವಂಥವು.
ಈಗ ಬರೀ ತೊಟ್ಟು,
ಕೊಯ್ದ ರಾಗಿ ಹೊಲದ ಕೂಳೆ.

“ಬ್ಯಾಬಿಟ್‌ಗೆ ಫೋನು ಮಾಡು,” ಅಂದಳು ವೆರ್ನಾ.

ನಮ್ಮ ಸೋದರತ್ತೆ ದೀಪ ಹಚ್ಚಿದ ಮೇಲೆ
ಯಾರಿಗೂ ಹೆಪ್ಪು ಕೊಡುತ್ತಿರಲಿಲ್ಲ.
ಕೊಟ್ಟರೆ ಲಕ್ಷ್ಮಿ ಲೋಟದಲ್ಲೇ ಹೊರಟುಹೋಗುತ್ತಾಳಂತೆ.
ಕೇಳಬಂದವಳು ಸೆರಗಲ್ಲಿ ಲೋಟ ಮುಚ್ಚಿಕೊಂಡು ತಿರುಗುವಳು;
ಆ ಮನೆಯಲ್ಲಿ ಆ ರಾತ್ರಿ
ಹಾಲು ಹಾಲಾಗಿಯೇ ಮಲಗುವುದು.

ಹನ್ನೊಂದೂವರೆಗೆ ಟ್ಯಾಂಕರು ಬಂತು.
ಡ್ವೇನ್ ಸ್ಕುಬಿಕ್, ಮೀಸೆಯಲ್ಲಿ ಹಿಮ,
ಟ್ಯಾಂಕಿಗೆ ಹಳೆಯ ಕೌದಿ, ಟಾರ್ಪಾಲು ಹೊದಿಸಿ
ಕಾಡಿನ ದಾರಿಯಲ್ಲಿ ತೆವಳಿಕೊಂಡು.
ಎರಡು ಸಾವಿರ ಗ್ಯಾಲನ್ ಪಕ್ಕದೂರಿನ ಕಂದು ರಾಡಿ,
ಜೀವಂತ.
“ನಮ್ಮದರಲ್ಲೂ ಅಷ್ಟೇನಿಲ್ಲ, ನೋಡ್ಕೊಳ್ಳಿ,” ಅಂದ.
ಕೊಳವೆಯ ಬಾಯಿ ಹೆಪ್ಪುಗಟ್ಟಿತ್ತು.
(ನಮ್ಮ ಭಾಷೆಗೆ ಎರಡಕ್ಕೂ ಒಂದೇ ಮಾತು,
ಮರಗಟ್ಟುವುದಕ್ಕೂ ಮೊಸರಾಗುವುದಕ್ಕೂ.)
ಕಾಫಿಗೆಂದು ಕಾಯಿಸಿದ ನೀರನ್ನೆಲ್ಲ ಅದರ ಮೇಲೆ ಸುರಿದಳು ವೆರ್ನಾ.
ಹೊರಟಾಗ ಅವನ ಸೀಟಿನ ಮೇಲೆ
ಹೊಗೆಯಲ್ಲಿ ಒಣಗಿಸಿದ ಮೀನು, ಪೇಪರಿನಲ್ಲಿ ಸುತ್ತಿ.
ತಂದ ಪಾತ್ರೆ ಬರಿದು ಕಳಿಸಬಾರದೆಂದು
ಅವಳಿಗೆ ಯಾರು ಹೇಳಿಕೊಟ್ಟರೋ.

ಆಮೇಲೆ ಏನೂ ಆಗಲಿಲ್ಲ.
ನಾಲ್ಕು ದಿನ. ಆರು ದಿನ.
ಚಳಿಯಲ್ಲಿ ಅವಕ್ಕೆ ಅವಸರವಿಲ್ಲ.
ತಳ ಸೇರಿದ ಹಳಬರನ್ನು ಹೊರಗೆ ಹಾಕದೆ
ಮತ್ತೆ ಮತ್ತೆ ತೊಟ್ಟಿಗೇ ಮರಳಿಸಿ ಕಾಯಬೇಕು.
ಪಾತ್ರೆ ಅಲುಗಿಸಬೇಡ, ಮುಚ್ಚಳ ತೆಗೆದು ನೋಡಬೇಡ
ಅನ್ನುತ್ತಿದ್ದಳು ಅತ್ತೆ. ನಾನು ದಿನಾ ತೆಗೆದು ನೋಡಿದೆ.

ಹನ್ನೆರಡನೆಯ ಬೆಳಗ್ಗೆ, ಗಾಜಿನಡಿ,
ತೊಟ್ಟಿನ ಮೇಲೊಂದು ಗಂಟೆಹೂ. ಒಂದೇ.
ನನ್ನ ಮೊಣಕೈ ಮೇಜಿಗೆ ತಾಗಿತೇನೋ,
ತಟ್ಟನೆ ಸುರುಳಿಯಾಗಿ ಕೂತಿತು,
ಆಮೇಲೆ ನಿಧಾನಕ್ಕೆ ಬಿಚ್ಚಿಕೊಂಡಿತು.

ವೆರ್ನಾಳನ್ನು ಕೂಡಲೇ ಕರೆಯಲಿಲ್ಲ.