ಬಿಕ್ಕಲಂ

ಹೆಣ್ಣೂರಿನಾಚೆ ಮೆಟ್ರೊ ಕಂಬಕ್ಕೆ ಅಗೆದಾಗ
ಮಣ್ಣಡಿ ಅಂಬಾಸಿಡರ್ ಸಿಕ್ಕಿತು.
ಗಾಜು ಏರಿಸಿಯೇ ಇತ್ತು.
ಹಿಂದಿನ ಸೀಟಿನಲ್ಲಿ ಸರ್ವೆ ಸರಪಳಿ,
ಅದರ ಕುಣಿಕೆಯೊಳಗೆ
ಒಂದು ಕೈಮೂಳೆ.

ಅಲ್ಲಿ ಕೆರೆಯಿದೆ ಎಂದು ಬರೆದವನು ರುದ್ರೋಜಿ, ಮೋಜಿಣಿದಾರ.
ಆಮೇಲೆ ಕೆರೆಯೂ ಇಲ್ಲ, ಅವನೂ ಇಲ್ಲ.

ದೊಡ್ಡಪಾಪರೆಡ್ಡಿ ಮನೆಗೂ ಮುನಿಯಲ್ಲಪ್ಪನ ಮನೆಗೂ
ಎಣ್ಣೆ ಸೀಗೇಕಾಯಿ ಎಂದು ನಂಬಿ
ನಲವತ್ತು ವರ್ಷ ಓಟು ಹಾಕಿದೆವು,
ಒಮ್ಮೆ ಅವರಿಗೆ, ಒಮ್ಮೆ ಇವರಿಗೆ.

ನಿನ್ನೆ ರಾತ್ರಿ ಇಬ್ಬರ ಮೊಮ್ಮಕ್ಕಳೂ ಬಂದರು.
ಒಂದೇ ಟಾರ್ಚಿನಲ್ಲಿ ಗುಂಡಿ ನೋಡಿದರು.
ಬೆಳಗಾಗುವಷ್ಟರಲ್ಲಿ ಕಾಂಕ್ರೀಟು.

ನಾನು ಪತ್ರ ಬರೆಯುವವನು,
ಸಬ್‌ರಿಜಿಸ್ಟ್ರಾರ್ ಕಚೇರಿಯ ಹುಣಸೆ ಮರದಡಿ.
ಆ ಕ್ರಯಪತ್ರಕ್ಕೆ ಎರಡೂ ಮನೆಯ ಹೆಬ್ಬೆಟ್ಟು
ಅಕ್ಕಪಕ್ಕ ಒತ್ತಿಸಿದ್ದು ನಾನೇ.
ಶಾಯಿ ಒರೆಸಲು ಒಂದೇ ಬಟ್ಟೆ ಸಾಕಾಗಿತ್ತು.

ಕೆಳಗೆ, ಬಿಕ್ಕಲಂ ಎಂದಿರುವಲ್ಲಿ,
ನನ್ನ ಹೆಸರು.