ಗೇಟು ಪುಸ್ತಕ

ಚಿಕ್ಕಮಗಳೂರಿಗೆ ಸಮುದ್ರವಿಲ್ಲ.
ಹಿರೇಕೊಳಲೆ ಕೆರೆಯಲ್ಲಿ ಹಡಗು ನಿಲ್ಲದು.
ಆದರೂ ಕಾಫಿ ಕ್ಯೂರಿಂಗ್ ವರ್ಕ್ಸಿನ ಮಾಳಿಗೆಯಲ್ಲಿ
ಸಿಪ್ಪೆಯ ಧೂಳು ಕೂತ ಕಂಪ್ಯೂಟರಿನ ಮುಂದೆ
ನಾನು, ವಾರಿಜಾ, ರವಾನೆ ವಿಭಾಗ,
ಪ್ರತಿ ಸೋಮವಾರ ಹತ್ತೂವರೆಯೊಳಗೆ ಹೇಳಬೇಕು:
ಈ ವಾರ ಆ ಇಕ್ಕಟ್ಟಿನ ಕಡಲದಾರಿಯಲ್ಲಿ
ಎಷ್ಟು ಹಡಗು ದಾಟೀತು.

ಈ ದಡ ತನ್ನದೆನ್ನುತ್ತದೆ, ಆ ದಡ ತನ್ನದೆನ್ನುತ್ತದೆ,
ದಡವೇ ಇಲ್ಲದವರೂ ದೂರದಿಂದ ಬಂದು ಪಾಲು ಕೇಳುತ್ತಾರೆ.
ನನ್ನ ಪರದೆಯಲ್ಲಿ ಅದು ಹೆಬ್ಬೆರಳಗಲದ ನೀಲಿ,
ಮೇಲೆ ಇರುವೆಸಾಲಿನಂತೆ ಹಸಿರು ಚುಕ್ಕಿ.
ಆ ನೀರಿನಾಚೆಯಿಂದಲೇ ಏಳು ಬೀಜ ಬಂದವಂತೆ ನಮ್ಮ ಗಿರಿಗೆ.
ಆ ಫಕೀರ ಬರುತ್ತಾನೆಂದು
ಯಾರೂ ಅಂದಾಜು ಕಟ್ಟಿರಲಿಲ್ಲ.

ಸೂತ್ರವೇನೂ ದೊಡ್ಡದಲ್ಲ.
ಕಳೆದ ವಾರ ದಾಟಿದ್ದು, ವಿಮೆಯ ದರ,
ಹೊರಗೆ ಲಂಗರು ಹಾಕಿ ಕಾಯುತ್ತಿರುವವರು.
ಟೀವಿಯಲ್ಲಿ ಯಾರೋ ಮೇಜು ಕುಟ್ಟಿದರೆ ನಾಲ್ಕು ಕಳೆ,
ಯಾರೋ ಕೈ ಕುಲುಕಿದರೆ ಎರಡೇ ಕೂಡು.
ಕುಟ್ಟಿದ್ದನ್ನು ಹಡಗು ಬೇಗ ನಂಬುತ್ತದೆ,
ಕುಲುಕಿದ್ದನ್ನು ನಿಧಾನಕ್ಕೆ.

ಇದನ್ನು ಕಲಿತದ್ದು ಕಾಲೇಜಿನಲ್ಲಲ್ಲ.
ಕೊಟ್ಟಿಗೆಹಾರದ ಗೇಟಿನಲ್ಲಿ ಅಪ್ಪನಿಗೆ ರಾತ್ರಿಪಾಳಿ.
ಚಾರ್ಮಾಡಿಯಲ್ಲಿ ಮಣ್ಣು ಕುಸಿದ ವರ್ಷ
ಲಾರಿಗಳ ದೀಪವೆಲ್ಲ ಮಂಜಿನಲ್ಲಿ ಕಲಸಿಹೋಗಿ
ಸದ್ದಿನಿಂದಲೇ ಎಣಿಸುತ್ತಿದ್ದ:
ಇದು ಹೆಂಚಿನ ಲೋಡು, ಇದು ಖಾಲಿ,
ಇವನ ಬ್ರೇಕು ಸರಿಯಿಲ್ಲ.
'ನಾಳೆ ಎಷ್ಟಪ್ಪ?' ಅಂದರೆ ಯಾವಾಗಲೂ
ಬರುವುದಕ್ಕಿಂತ ಕಡಿಮೆಯೇ ಹೇಳುವನು.
'ಜಾಸ್ತಿ ಹೇಳಿಬಿಟ್ಟರೆ ಮಗಾ,
ಬರದೇ ಹೋದವನ ಲೆಕ್ಕ ನಾನು ಕೊಡಬೇಕಾಗುತ್ತೆ.'

ಹೋದ ಸೋಮವಾರ ಮೂವತ್ತೊಂದು ಅಂದೆ.
ದಾಟಿದ್ದು ಇಪ್ಪತ್ತೊಂಬತ್ತು.
ಮೆನೆಜಸ್ ಸಾರ್‌ಗೆ ಖುಷಿಯೋ ಖುಷಿ.
ನಮ್ಮ ಮೂರು ಕಂಟೇನರ್ ಆಫ್ರಿಕಾ ಸುತ್ತಿಕೊಂಡೇ ಹೋಗಲಿ ಎಂದು
ಮೊದಲೇ ಬರೆದುಕೊಟ್ಟಿದ್ದೆನಲ್ಲ,
ಹದಿನಾಲ್ಕು ದಿನ ತಡ, ಆದರೆ ಮಾಲು ಸೇರುತ್ತದೆ.
'ಬರೀ ಎರಡು ತಪ್ಪು' ಅಂದರು,
ಎಲ್ಲರಿಗೂ ಬನ್ಸ್ ತರಿಸಿದರು.

ಗಾರ್ಬ್ಲಿಂಗ್ ಹಾಲಿನ ಹನ್ನೊಂದನೆಯ ಮೇಜಿನಿಂದ
ಜೈತೂನ್‌ಬಿ ಮೆಟ್ಟಿಲು ಹತ್ತಿ ಬಂದಳು,
ಉಗುರಿನಲ್ಲಿನ್ನೂ ಕಪ್ಪುಬೀಜದ ಚೂರು.
ಇಪ್ಪತ್ತು ವರ್ಷ ಒಳ್ಳೆಯದರಿಂದ ಕೆಟ್ಟದ್ದನ್ನು ಹೆಕ್ಕಿದ ಬೆರಳನ್ನು
ಪರದೆಗೆ ತಾಗಿಸದೆ ತೋರಿಸಿದಳು.
'ಬಾಬ್ ಅಂದರೆ ಬಾಗಿಲು' ಅಂದಳು.
ಆ ಹೆಸರಿನ ಉಳಿದರ್ಧ ಹೇಳಲಿಲ್ಲ,
ನಾನೂ ಕೇಳಲಿಲ್ಲ.
ಅವಳ ಅಳಿಯ ಇಮ್ತಿಯಾಜ್
ಒಂದು ಹಡಗಿನ ಎಂಜಿನ್ನಿಗೆ ಎಣ್ಣೆ ಹಾಕುವವನು.
'ಇಪ್ಪತ್ತೊಂಬತ್ತು ಬೇಡ ವಾರಿಜಮ್ಮ,
ಒಂದು ಬಂತಾ, ಅದು ಹೇಳು.'

ಹಡಗಿನ ಹೆಸರು ಹೊಡೆದೆ.
ಬುಧವಾರ ಸಂಜೆ ಐದು ನಲವತ್ತಕ್ಕೆ ಸಂಕೇತ ನಿಂತಿದೆ.
ಹೆದರಿ ತಾವೇ ಆರಿಸಿರಬಹುದು,
ಹಾಗೆ ಮಾಡುತ್ತಾರೆ, ಅಂದೆ.
ಮೂವತ್ತಕ್ಕೆ ಸೂತ್ರವಿದೆ, ಒಂದಕ್ಕಿಲ್ಲ.
ಬನ್ಸಿನ ಪೊಟ್ಟಣ ಅವಳ ಕಡೆ ಸರಿಸಿದೆ.
ಎಂಥ ಮಾಡಲಿ, ಕೈಗೆ ಸಿಕ್ಕಿದ್ದು ಅದೇ.
ಒಂದನ್ನು ತೆಗೆದು ಸೆರಗಿಗೆ ಕಟ್ಟಿಕೊಂಡಳು, ಮಗಳಿಗಂತೆ.
ಆಮೇಲೆ ಕೆಳಗಿನಿಂದ
ಮತ್ತೆ ಬೀಜ ಆರಿಸುವ ಸದ್ದು.

ಅಪ್ಪನ ಗೇಟು ಪುಸ್ತಕ ಮನೆಯಲ್ಲಿದೆ, ಮೂಲೆ ಇಲಿ ಕಡಿದದ್ದು.
ಪ್ರತಿ ರಾತ್ರಿಯ ಕೊನೆಗೂ ಒಂದು ಗೆರೆ ಖಾಲಿ,
ಬೆಳಗಿನ ಜಾವ ತಡವಾಗಿ ಬಂದವನನ್ನು
ಹಿಂದಿನ ದಿನದ ಪುಟಕ್ಕೇ ಸೇರಿಸಲಿಕ್ಕೆ.
ಕೆಲವು ಗೆರೆ ಇನ್ನೂ ಹಾಗೆಯೇ ಇವೆ.

ಈ ಸೋಮವಾರ ಇಪ್ಪತ್ತಾರು ಎಂದು ಕಳಿಸಿದೆ.
ಕೆಳಗೊಂದು ಸಾಲು ಬಿಟ್ಟೆ.
'ಇದೇನು ವಾರಿಜಾ, ಇಲ್ಲಿ ಖಾಲಿ?'
ಸಾರ್ ಫೋನಿನಲ್ಲಿ.
ಮಂಜು ಸಾರ್, ಅಂದೆ.