ಕರೆಂಟು ಹೋದಾಗ ಅವನು ತಂತಿಯ ಮೇಲಿದ್ದ

ತ್ಬಿಲಿಸಿ, ನಾಲ್ಕನೆಯ ಮಹಡಿ, ಹಲ್ಲಿನ ಡಾಕ್ಟರು ಓತಿಯಾನ ಮನೆ.
ಕಿಟಕಿಗೆ ಕಂಬಳಿ. ಬಾಗಿಲ ಸಂದಿಗೆ ಹಳೇ ಬಟ್ಟೆ.
ಹದಿನಾಲ್ಕು ಜನ, ಆರು ಕುರ್ಚಿ.
ನನ್ನ ಪಾಲಿಗೆ ಬಂದದ್ದು
ಹಲ್ಲು ಕೀಳುವ ಕುರ್ಚಿಯ ಕಾಲಿಡುವ ಜಾಗ.

ಟೇಪು ಎಷ್ಟು ಕೈ ದಾಟಿ ಬಂದಿತ್ತೋ,
ಚಿತ್ರದ ತುಂಬ ಹಿಮ ಬೀಳುತ್ತಿತ್ತು,
ಸಮುದ್ರತೀರದ ಬಿಸಿಲಲ್ಲೂ.
ಎಲ್ಲರ ಮಾತನ್ನೂ ಒಬ್ಬನೇ ಆಡುತ್ತಿದ್ದ, ರಷ್ಯನ್ನಿನಲ್ಲಿ,
ಮಾಸ್ಕೋದ ಯಾವುದೋ ಅಡುಗೆಮನೆಯಲ್ಲಿ ಕೂತು, ನೆಗಡಿ ಮೂಗಿನಲ್ಲಿ.
ನಾಯಕನೂ ಅವನೇ, ಖಳನೂ ಅವನೇ,
ರೇಶ್ಮೆ ನಿಲುವಂಗಿಯ ಹೆಣ್ಣು "ಬಾಗಿಲು ಹಾಕು" ಅಂದಳು,
ಅದೇ ನೆಗಡಿ.
ಮುತ್ತಿಗೂ ಸಾವಿಗೂ ಒಂದೇ ಧಾಟಿ,
ಆಸ್ಪತ್ರೆಯಲ್ಲಿ ಟೋಕನ್ ನಂಬರು ಕೂಗಿದ ಹಾಗೆ.
ನಮಗೇನೂ ಅಡ್ಡಿಯಾಗಲಿಲ್ಲ.

ಏನಿತ್ತು ಅದರಲ್ಲಿ, ಅಂತ ಕೇಳುತ್ತಾರೆ.
ಹೇಗೆ ಹೇಳಲಿ. ಅವನು ರೈಲಿನ ನೆತ್ತಿಯಿಂದ ಬಿದ್ದ,
ಎದ್ದ, ಮೊದಲು ತೋಳಿನ ಗುಂಡಿ ಸರಿಮಾಡಿಕೊಂಡ.
ಪಿಸ್ತೂಲು ಆಮೇಲೆ.
ಕೋಟು ಕಾರ್ಖಾನೆಯಲ್ಲಿ ಕಾಜ ಹೊಲಿಯುವ ಲಮಾರಾ
ಉಸಿರೆಳೆದದ್ದು ಅವನು ಬಿದ್ದದ್ದಕ್ಕಲ್ಲ, ಆ ಗುಂಡಿಗೆ.
"ನೋಡು, ಕೈಹೊಲಿಗೆ" ಅಂದಳು.

ಹೋಟೆಲಿಗೆ ಹೋದ, ಕೀಲಿ ಕೇಳಿದ, ಕೊಟ್ಟರು.
ಗಡಿ ದಾಟಿದ, ನಾವು ಬೀದಿ ದಾಟುವ ಹಾಗೆ.
ಮೂರು ದೇಶ, ಮೂರು ಊಟ, ಯಾವುದಕ್ಕೂ ಕ್ಯೂ ಇಲ್ಲ.
ಎಲ್ಲಕ್ಕಿಂತ ಹೆಚ್ಚು,
ಗೂಢಚಾರನಂತೆ, ಆದರೂ
ಇಡೀ ಸಿನಿಮಾದಲ್ಲಿ ಒಂದು ಸಾಲೂ ಬರೆಯಲಿಲ್ಲ.

ನಮ್ಮವನು ಬರೆಯುತ್ತಿದ್ದ.
ವಾರ್ಲಾಮ್, ನೆಲಮಹಡಿ, ಬಾಯ್ಲರ್ ನೋಡಿಕೊಳ್ಳುವವನು,
ಮೊಣಕೈ ಸವೆದ ಸ್ವೆಟರು, ಎಡಗಾಲು ತುಸು ಎಳೆತ.
ಯಾರು ಬಂದರು, ಎಷ್ಟೊತ್ತಿಗೆ ಹೋದರು,
ಯಾರ ಚೀಲದಲ್ಲಿ ಕಿತ್ತಳೆ.
ಗೋಡೆಗೆ ಕಿವಿಯಿದೆ ಅನ್ನುತ್ತಾರೆ. ನಮ್ಮ ಗೋಡೆಗೆ ಹೆಸರೂ ಇತ್ತು,
ಹೊಸವರ್ಷಕ್ಕೆ ನಾವೇ ಅದಕ್ಕೆ
ಅಕ್ರೋಟು-ಜೇನಿನ ಮಿಠಾಯಿ ಕಳಿಸುತ್ತಿದ್ದೆವು.

ಚಿತ್ರದಲ್ಲಿ ಈಗ ಕಣಿವೆ. ಈಚೆಯಿಂದ ಆಚೆಗೆ ಉಕ್ಕಿನ ತಂತಿ.
ನಡುವೆ ಅವನು, ಒಂದೇ ಕೈ.
ತುದಿಯಲ್ಲಿ ಗರಗಸ ಹಿಡಿದವನ ನಗು.
ಕರೆಂಟು ಹೋಯಿತು.

ಹೋದದ್ದಲ್ಲ, ತೆಗೆದದ್ದು. ಆ ವಿದ್ಯೆ ಎಲ್ಲರಿಗೂ ಗೊತ್ತಿತ್ತು:
ಕೆಳಗೆ ಫ್ಯೂಸು ಕಿತ್ತರೆ ಟೇಪು ಯಂತ್ರದ ಬಾಯಲ್ಲೇ ಉಳಿಯುತ್ತದೆ,
ಗಂಟಲಿಗೆ ಸಿಕ್ಕ ಮೀನಿನ ಮುಳ್ಳು.
ಬೇರೆ ಸಾಕ್ಷಿ ಬೇಕಿಲ್ಲ.
ಓತಿಯಾ ಕತ್ತಲಲ್ಲೇ ಹಲ್ಲು ಕೀಳುವ ಇಕ್ಕಳ ತಡಕಾಡಿದ.
ಮೆಟ್ಟಿಲ ಮೇಲೆ ಹೆಜ್ಜೆ. ಒಂದು ಗಟ್ಟಿ, ಒಂದು ಎಳೆತ.
ಒಂದು ಗಟ್ಟಿ, ಒಂದು ಎಳೆತ.
ಲಮಾರಾ ಆಗ ಹಿಡಿದ ನನ್ನ ಮಣಿಕಟ್ಟು
ಇನ್ನೂ ಬಿಟ್ಟಿಲ್ಲ ಅನಿಸುತ್ತದೆ.

ಬಾಗಿಲು. ಮೇಣದಬತ್ತಿ. ವಾರ್ಲಾಮ್, ಒಬ್ಬನೇ.
ಹದಿನಾಲ್ಕು ಮುಖವನ್ನೂ ಒಂದೊಂದಾಗಿ ಓದಿದ.
"ಮೆಟ್ಟಿಲ ತಿರುವಿನಲ್ಲಿ ಕೂತು ಕೇಳುತ್ತಿದ್ದೆ" ಅಂದ.
"ಇಬ್ಬರು ಬಂದರು. ಫ್ಯೂಸು ತೆಗೆ ಅಂದರು, ತೆಗೆದೆ.
ಯಾವ ಮನೆ ಅಂದರು. ಎರಡನೆಯ ಮಹಡಿ ಅಂದೆ.
ಅಲ್ಲಿ ಬರೀ ಮುದುಕಿ, ರೇಡಿಯೋ ಕೂಡ ಇಲ್ಲ."
ಆಮೇಲೆ, ಬಾಗಿಲಿಗೆ ಒರಗಿ, ದನಿ ತಗ್ಗಿಸಿ:
"ಅದೇನು ಕಿರ್ ಅಂತ ಸದ್ದು, ತಂತಿಯೇ? ಕತ್ತರಿಸಿಬಿಟ್ಟನೇ?"

ಓತಿಯಾ ಮೊದಲೇ ಒಮ್ಮೆ ನೋಡಿದ್ದ. ಉಳಿದ ಕತೆ ಹೇಳಿದ,
ದೋಣಿ, ಸ್ಫೋಟ, ಮುತ್ತು,
ಎಲ್ಲರ ಮಾತನ್ನೂ ತಾನೇ ಆಡಿ, ಪಿಸುದನಿಯಲ್ಲಿ.
ವಾರ್ಲಾಮ್ ನಿಂತೇ ಕೇಳಿದ. ಮೇಣ ಬೆರಳಿಗೆ ಇಳಿಯಿತು.
ಹೋಗುವಾಗ ಸ್ವೆಟರಿನ ತೋಳು ಎಳೆದುಕೊಂಡ,
ಮೊದಲು ಎಡ, ಆಮೇಲೆ ಬಲ,
ಗುಂಡಿಯೇ ಇಲ್ಲದ ಕಡೆ ಗುಂಡಿ ಸರಿಮಾಡಿ.

ಆ ರಾತ್ರಿ ಏನು ಬರೆದನೋ. ಕಡತಗಳು
ಯುದ್ಧದ ಚಳಿಗಾಲದಲ್ಲಿ ಸುಟ್ಟುಹೋದವು.

ಮೊನ್ನೆ ಮೊಮ್ಮಗ ತೊರ್ನಿಕೆ ಅದನ್ನೇ ಹಾಕಿದ.
ಹಿಮವಿಲ್ಲ. ಒಬ್ಬೊಬ್ಬರಿಗೆ ಒಂದೊಂದು ದನಿ.
"ನೋಡಜ್ಜಿ, ಕಣಿವೆ ಬಣ್ಣ ಬಳಿದ ಬಟ್ಟೆ.
ಅವನ ಕಾಲು ನೆಲದಿಂದ ಎರಡಡಿಯೂ ಮೇಲಿಲ್ಲ."
ಇರಬಹುದು, ಮಗು.
ಆದರೆ ಆ ರಾತ್ರಿ ಅರ್ಧ ಗಂಟೆ, ಕರೆಂಟಿಲ್ಲದೆ,
ಯಂತ್ರದ ಗಂಟಲಲ್ಲಿ
ಅವನು ಒಂದೇ ಕೈಯಲ್ಲಿ ಜೋತಿದ್ದ.
ಬಿಡಲಿಲ್ಲ.